ನೆರೆಯವನನ್ನು ಯಾವ ಕಾರಣಕ್ಕೆ ಹಿಡಿಯಲಾಗಿದೆ?

(ಕುಟುಂಬ ಸಮಾವೇಶವೊಂದರಲ್ಲಿ ಪೌರ ಸ್ವಾತಂತ್ರ್ಯದ ಕುರಿತು ಮಾಡಿದ ಭಾಷಣದ ಬರಹರೂಪ)





ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯಿಂದ ನಮ್ಮ ಮಾತನ್ನು ಆರಂಭಿಸುತ್ತೇವೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಅದು ದಾಖಲಾಗಿದೆ. ಪ್ರವಾದಿ ಮುಹಮ್ಮದ್(ಸ) ಪ್ರವಚನ ನೀಡುತ್ತಿದ್ದರು. ಆಗ ಒಬ್ಬ ವ್ಯಕ್ತಿ ಎದ್ದು ನಿಂತು, ತನ್ನ ನೆರೆಯವರನ್ನು ಯಾವ ಕಾರಣಕ್ಕಾಗಿ ಹಿಡಿಯಲಾಗಿದೆ ಎಂದು ಕೇಳಿದರು. ಉತ್ತರ ಬರಲಿಲ್ಲ. ಅವರು ಮತ್ತೆ ಅದನ್ನೇ ಕೇಳಿದರು. ಕೊನೆಗೆ ಆ ನೆರೆಯವರನ್ನು ಬಿಟ್ಟುಬಿಡುವಂತೆ ಪ್ರವಾದಿ(ಸ) ಆಜ್ಞಾಪಿಸಿದರು. ಬಂಧಿಸಿದ ಅಧಿಕಾರಿ ಸಭೆಯಲ್ಲಿದ್ದರೆ ಎದ್ದು ಕಾರಣ ಹೇಳಲಿ ಎಂದು ಪ್ರವಾದಿವರ್ಯರು ಮೌನವಾಗಿದ್ದರು, ಯಾರೂ ಕಾರಣ ಹೇಳದಿದ್ದಾಗ ಬಿಡುಗಡೆಗೆ ಆದೇಶಿಸಿದರು ಎಂದು ಕೆಲವು ವಿದ್ವಾಂಸರು ಇದನ್ನು ವಿವರಿಸಿದ್ದಾರೆ.

ಈ ಘಟನೆಯಲ್ಲಿ ಮೂರು ಸಂಗತಿಗಳಿವೆ. ಪ್ರಶ್ನೆ ಕೇಳಿದವನು ಬಂಧಿತನಲ್ಲ, ಅವನ ನೆರೆಯವನು. ಅವನು ಕೇಳಿದ್ದು ಗುಟ್ಟಾಗಿ ಅಲ್ಲ, ತುಂಬಿದ ಸಭೆಯಲ್ಲಿ. ಅವನು ಬಿಡುಗಡೆಯ ದಯೆಯನ್ನು ಬೇಡಲಿಲ್ಲ, ಕಾರಣವನ್ನು ಕೇಳಿದನು. ಪೌರ ಸ್ವಾತಂತ್ರ್ಯ ಎಂದು ಇಂದು ನಾವು ಕರೆಯುವ ವಿಷಯದ ಸಾರವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಇನ್ನು ನಮ್ಮ ಪಟ್ಟಣಗಳ ಸ್ಥಿತಿಯನ್ನು ನೋಡೋಣ. ರಾತ್ರಿ ಹೊತ್ತಿನಲ್ಲಿ ಒಂದು ಮನೆಯ ಮುಂದೆ ಜೀಪು ಬಂದು ನಿಲ್ಲುತ್ತದೆ. ವಿಚಾರಣೆಗೆಂದು ಹುಡುಗನನ್ನು ಕರೆದೊಯ್ಯುತ್ತಾರೆ. ಯಾವ ಠಾಣೆ, ಯಾವ ಪ್ರಕರಣ ಎಂಬುದು ತಾಯಿಗೆ ತಿಳಿಯುವುದಿಲ್ಲ. ನೆರೆಮನೆಗಳ ದೀಪ ಆರುತ್ತದೆ. ತಂದೆ ವಕೀಲರ ಬಳಿಗೆ ಹೋಗುವ ಬದಲು ಯಾರೋ ಪುಢಾರಿಯ ಬಳಿಗೋ ಮಧ್ಯವರ್ತಿಯ ಬಳಿಗೋ ಓಡುತ್ತಾನೆ. ಮರುದಿನ ಪತ್ರಿಕೆಗಳಲ್ಲಿ ಹುಡುಗನ ಭಾವಚಿತ್ರ ಪ್ರಕಟವಾಗುತ್ತದೆ. ಆ ಕುಟುಂಬದೊಂದಿಗೆ ಮಾತು ಬಿಡುವವರಲ್ಲಿ ನಮ್ಮವರೇ ಮೊದಲಿಗರಾಗುತ್ತಾರೆ. ಒಂದು ವಾರದ ಬಳಿಕ ಒಂದು ಪ್ರತಿಭಟನೆ, ಒಂದು ಘೋಷಣೆ, ಒಂದು ಮನವಿ ಪತ್ರ. ಆದರೆ ಮೊದಲ 24 ಗಂಟೆಗಳಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಆ ಪ್ರಶ್ನೆಯನ್ನು ಕೇಳುವ ಹಕ್ಕು ಈ ದೇಶದ ಕಾನೂನಿನಲ್ಲಿ ನಮಗಿದೆ, ಅದನ್ನು ಯಾರೋ ಹೋರಾಡಿ ಗಳಿಸಿಕೊಟ್ಟಿದ್ದಾರೆ, ಬಳಸದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ ಎಂಬುದೇ ಇಂದು ನಾವು ಹೇಳಬಯಸುವ ವಿಷಯ.

ಸಂವಿಧಾನ ರಚನಾ ಸಭೆಯಲ್ಲಿ ಈ ಬಗ್ಗೆ ದೀರ್ಘ ಚರ್ಚೆ ನಡೆದಿತ್ತು. 1948ರ ಡಿಸೆಂಬರ್‌ನಲ್ಲಿ ಕಾಝಿ ಸೈಯದ್ ಕರೀಮುದ್ದೀನ್ ಎಂಬ ಸದಸ್ಯರು, ನ್ಯಾಯಬದ್ಧ ಕಾರ್ಯವಿಧಾನವಿಲ್ಲದೆ ಯಾರ ಜೀವ ಮತ್ತು ಸ್ವಾತಂತ್ರ್ಯವನ್ನೂ ಕಸಿಯಬಾರದು, ಕಾರಣವಿಲ್ಲದೆ ಯಾರ ಮನೆಯನ್ನೂ ಶೋಧಿಸಬಾರದು ಎಂದು ವಾದಿಸಿದರು. ಮಹಬೂಬ್ ಅಲಿ ಬೇಗ್ ಅವರೂ ಸ್ವಾತಂತ್ರ್ಯಕ್ಕೆ ಇನ್ನಷ್ಟು ಬಲವಾದ ರಕ್ಷಣೆ ಬೇಕೆಂದರು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳವು. ಆದರೆ ಅವರು ತಮ್ಮ ಸಮುದಾಯಕ್ಕೆ ಮಾತ್ರ ರಕ್ಷಣೆ ಬೇಡಲಿಲ್ಲ, ಪ್ರತಿಯೊಬ್ಬ ಮನುಷ್ಯನಿಗೂ ಕೇಳಿದರು. ಅವರ ತಿದ್ದುಪಡಿಗಳು ಸಂವಿಧಾನದಲ್ಲಿ ಸೇರಲಿಲ್ಲ. ಆದರೆ ಆ ಚರ್ಚೆ ವ್ಯರ್ಥವಾಗಲಿಲ್ಲ. ಸಭೆಯ ಒಳಗೂ ಹೊರಗೂ ವ್ಯಕ್ತವಾದ ಅತೃಪ್ತಿಯನ್ನು ಗಮನಿಸಿ ಡಾ. ಅಂಬೇಡ್ಕರ್ 1949ರ ಸೆಪ್ಟೆಂಬರ್‌ನಲ್ಲಿ ಹೊಸ ವಿಧಿಯೊಂದನ್ನು ಮಂಡಿಸಿದರು. ಅದೇ ಇಂದಿನ 22ನೇ ವಿಧಿ. ಬಂಧಿತನಿಗೆ ಕಾರಣವನ್ನು ತಿಳಿಸಬೇಕು, ತನ್ನ ಇಷ್ಟದ ವಕೀಲರನ್ನು ಭೇಟಿಯಾಗಲು ಬಿಡಬೇಕು, ಪ್ರಯಾಣದ ಸಮಯ ಕಳೆದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅದು ವಿಧಿಸುತ್ತದೆ. ಮುಂಜಾಗ್ರತಾ ಬಂಧನಕ್ಕೆ ಬೇರೆ ನಿಯಮಗಳಿವೆ. ಆದರೆ ಅಲ್ಲಿಯೂ ಬಂಧನದ ಆಧಾರವನ್ನು ತಿಳಿಸಬೇಕು, ಮನವಿ ಸಲ್ಲಿಸಲು ಅವಕಾಶ ನೀಡಬೇಕು.

ಹಕ್ಕು ಕಾಗದದ ಮೇಲಿದ್ದರೆ ಸಾಲದು ಎಂಬುದನ್ನು 1975ರ ತುರ್ತು ಪರಿಸ್ಥಿತಿ ಕಲಿಸಿತು. ಆಗ ಜಮಾಅತೆ ಇಸ್ಲಾಮಿ ಹಿಂದ್ ಮತ್ತು ಆರೆಸ್ಸೆಸ್ ಎರಡನ್ನೂ ನಿಷೇಧಿಸಲಾಯಿತು. ಪರಸ್ಪರ ಸಂಪೂರ್ಣ ವಿರುದ್ಧ ವಿಚಾರಗಳವರು ಒಂದೇ ಬಗೆಯ ಆದೇಶದ ಮೇಲೆ ಜೈಲು ಸೇರಿದರು. ವಾಜಪೇಯಿ ಮತ್ತು ಅಡ್ವಾಣಿಯವರು ಬೆಂಗಳೂರಿನ ಜೈಲಿನಲ್ಲಿದ್ದು ಕರ್ನಾಟಕ ಹೈಕೋರ್ಟಿನ ಮೊರೆ ಹೊಕ್ಕಿದ್ದರು. ‘ಸಂಸ್ಕಾರ’ ಚಿತ್ರದ ಕಲಾವಿದೆ ಸ್ನೇಹಲತಾ ರೆಡ್ಡಿ ಅದೇ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ಜರ್ಜರಿತರಾಗಿ, 1977ರ ಜನವರಿಯಲ್ಲಿ ಪರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಮೃತಪಟ್ಟರು. ಬಂಧನಕ್ಕೆ ಕಾರಣ ಕೇಳಿ ನ್ಯಾಯಾಲಯಕ್ಕೆ ಹೋಗಬಹುದೆಂದು ಹಲವು ಹೈಕೋರ್ಟುಗಳು ಹೇಳಿದವು. ಆದರೆ 1976ರ ಎಪ್ರಿಲ್ 28ರಂದು ಸುಪ್ರೀಮ್ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಆ ಪ್ರಶ್ನೆಗೆ ಅವಕಾಶವಿಲ್ಲ ಎಂದು ತೀರ್ಪಿತ್ತರು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಮರುವರ್ಷ ಅವರ ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು.

ಆ ತೀರ್ಪಿಗೆ ಉತ್ತರ ಎರಡು ದಾರಿಗಳಿಂದ ಬಂತು. ಮೊದಲನೆಯದು ಸಂಸತ್ತಿನ ದಾರಿ. 1978ರ 44ನೇ ತಿದ್ದುಪಡಿಯು, ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯುವಂತಿಲ್ಲ ಎಂದು ಮಾಡಿತು. ಎರಡನೆಯದು ನ್ಯಾಯಾಲಯದ ದಾರಿ, ಅದಕ್ಕೆ 41 ವರ್ಷ ಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಅದೇ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು, 1976ರ ತೀರ್ಪು ತಪ್ಪೆಂದು ರದ್ದುಪಡಿಸಿತು. ಕರೀಮುದ್ದೀನರು 1948ರಲ್ಲಿ ಕೇಳಿ ಪಡೆಯಲಾಗದ್ದನ್ನು 69 ವರ್ಷಗಳ ಬಳಿಕ ಕರ್ನಾಟಕದ ಒಬ್ಬ ವೃದ್ಧರ ಅರ್ಜಿ ಬಹುಮಟ್ಟಿಗೆ ದೊರಕಿಸಿತು. ನಮ್ಮ ಸಮುದಾಯಕ್ಕೆ ಇದರಲ್ಲಿ ಒಂದು ಪಾಠವಿದೆ. ಒಂದು ವಾರದಲ್ಲಿ ಫಲ ಕಾಣದಿದ್ದರೆ ನಿರಾಶರಾಗುವವರಿಂದ ಈ ಕೆಲಸ ಆಗದು.

ಇನ್ನೊಂದು ಉದಾಹರಣೆ ಇನ್ನೂ ಸರಳವಾದುದು. 1986ರ ಆಗಸ್ಟ್‌ನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಎಂಬವರು, ಪೊಲೀಸ್ ವಶದಲ್ಲಿ ಸಂಭವಿಸುತ್ತಿದ್ದ ಸಾವುಗಳ ಪತ್ರಿಕಾ ವರದಿಗಳನ್ನು ಉಲ್ಲೇಖಿಸಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ನ್ಯಾಯಾಲಯ ರಿಟ್ ಅರ್ಜಿಯೆಂದು ಸ್ವೀಕರಿಸಿತು. 1996ರ ಡಿಸೆಂಬರ್ 18ರಂದು ಬಂದ ತೀರ್ಪಿನಲ್ಲಿ 11 ನಿರ್ದೇಶನಗಳಿದ್ದವು. ಬಂಧಿಸುವ ಪೊಲೀಸರು ಹೆಸರು ಮತ್ತು ಹುದ್ದೆಯ ಫಲಕ ಧರಿಸಿರಬೇಕು, ಅರೆಸ್ಟ್ ಮೆಮೊ ಬರೆದು ಅದಕ್ಕೆ ಕುಟುಂಬದ ಸದಸ್ಯರ ಅಥವಾ ಆ ಪ್ರದೇಶದ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಪಡೆಯಬೇಕು, ಬಂಧನದ ಸುದ್ದಿಯನ್ನು ಬಂಧುಗಳಿಗೆ ತಿಳಿಸಬೇಕು, ವಶದಲ್ಲಿರುವಾಗ 48 ಗಂಟೆಗಳಿಗೊಮ್ಮೆ ವೈದ್ಯಕೀಯ ತಪಾಸಣೆ ನಡೆಸಬೇಕು ಎಂಬುವು ಅವುಗಳಲ್ಲಿ ಕೆಲವು. ಮುಂದೆ ಸಂಸತ್ತು ಇವುಗಳಲ್ಲಿ ಹಲವನ್ನು ಕಾನೂನಿನಲ್ಲಿಯೇ ಸೇರಿಸಿತು. ಒಂದು ಪತ್ರ ದೇಶದ ಕಾನೂನಾಯಿತು. ನಮ್ಮಲ್ಲಿ ಅಂಚೆ ಚೀಟಿ ಕೊಳ್ಳಲಾಗದವರು ಯಾರಿದ್ದಾರೆ?

ಕಾರಣ ಹೇಳಿದರೆ ಸಾಲದು, ಆ ಕಾರಣ ಪರೀಕ್ಷೆಗೂ ನಿಲ್ಲಬೇಕು. 1992ರ ಡಿಸೆಂಬರ್ 10ರಂದು, ಬಾಬರಿ ಮಸೀದಿಯ ಧ್ವಂಸದ ಬಳಿಕ, ಕೇಂದ್ರ ಸರಕಾರವು ಆರೆಸ್ಸೆಸ್, ವಿಶ್ವ ಹಿಂದೂ ಪರಿಷತ್, ಬಜರಂಗ ದಳಗಳೊಂದಿಗೆ ಜಮಾಅತೆ ಇಸ್ಲಾಮಿ ಹಿಂದನ್ನೂ ನಿಷೇಧಿಸಿತು. ಜಮಾಅತ್ ಬೀದಿಗಿಳಿಯಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಧಿಕರಣವು ನಿಷೇಧವನ್ನು ಎತ್ತಿ ಹಿಡಿದಾಗ ಸುಪ್ರೀಮ್ ಕೋರ್ಟಿಗೆ ಹೋಯಿತು. ಸರಕಾರದ ಬಳಿ ಇದ್ದುದು ಮುಖ್ಯವಾಗಿ ಗುಪ್ತಚರ ವರದಿಗಳ ಸಾರಾಂಶ ಹಾಗೂ ಸ್ವತಃ ಏನನ್ನೂ ಕಾಣದ ಅಧಿಕಾರಿಗಳ ಹೇಳಿಕೆಗಳು. 1994ರ ಡಿಸೆಂಬರ್ 7ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠವು, ಒಂದು ಪಕ್ಷದ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ನ್ಯಾಯನಿರ್ಣಯವಲ್ಲ ಎಂಬ ತತ್ತ್ವದ ಮೇಲೆ ನಿಷೇಧವನ್ನು ತಳ್ಳಿಹಾಕಿತು. ಆರೆಸ್ಸೆಸ್‌ನ ಮೇಲಿನ ನಿಷೇಧವೂ ಅದಕ್ಕೆ ಹಿಂದಿನ ವರ್ಷ ನ್ಯಾಯಾಧಿಕರಣದ ಮುಂದೆ ಬಿದ್ದುಹೋಗಿತ್ತು. ನಮಗೆ ಇಷ್ಟವಿರಲಿ, ಇಲ್ಲದಿರಲಿ, ಎದುರಾಳಿಯನ್ನು ರಕ್ಷಿಸುವ ನಿಯಮವೇ ನಮ್ಮನ್ನೂ ರಕ್ಷಿಸುತ್ತದೆ.

ಈ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಲಾಗದಿದ್ದರೆ ಏನಾಗುತ್ತದೆ? ನಮ್ಮ ಕಲಬುರಗಿಯ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು 1994ರ ಜನವರಿಯಲ್ಲಿ ರೈಲು ಸ್ಫೋಟಗಳ ಸಂಬಂಧ ಹೈದರಾಬಾದಿನ ಪೊಲೀಸರು ಕರೆದೊಯ್ದರು. ಕುಟುಂಬದ ಹೇಳಿಕೆಯಂತೆ, ನ್ಯಾಯಾಲಯದೆದುರು ಆತನನ್ನು ಹಾಜರುಪಡಿಸುವಾಗ ಆರು ವಾರಗಳು ಕಳೆದಿದ್ದವು. ಆತನ ವಿರುದ್ಧ ಇದ್ದ ಮುಖ್ಯ ಆಧಾರ, ಪೊಲೀಸ್ ವಶದಲ್ಲಿ ಪಡೆದ ತಪ್ಪೊಪ್ಪಿಗೆ. ಸಾಮಾನ್ಯ ಕಾನೂನಿನಲ್ಲಿ ಅಂತಹ ಹೇಳಿಕೆಗೆ ಬೆಲೆಯಿಲ್ಲ, ಆದರೆ ಟಾಡಾ ಕಾನೂನು ಅದಕ್ಕೆ ಬೆಲೆ ನೀಡಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟ್ ಆತನನ್ನು ದೋಷಮುಕ್ತಗೊಳಿಸಿತು. ಜೈಪುರದ ಕಾರಾಗೃಹದಿಂದ ಹೊರಬರುವಾಗ ಆತನ ಯೌವನವೆಲ್ಲ ಕಳೆದುಹೋಗಿತ್ತು. ಸುಮಾರು 22 ವರ್ಷಗಳು! ಬಾಂಬಿಟ್ಟವರು ಯಾರೇ ಆಗಿರಲಿ, ಅವರಿಗೆ ಕಠಿಣ ಶಿಕ್ಷೆಯಾಗಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನಿರಪರಾಧಿಯನ್ನು ಒಳಗಿಟ್ಟರೆ ನೈಜ ಅಪರಾಧಿ ಹೊರಗೆ ಉಳಿಯುತ್ತಾನೆ. ಸ್ಫೋಟದಲ್ಲಿ ಮಡಿದವರ ಕುಟುಂಬಗಳಿಗೂ ಅದು ಅನ್ಯಾಯವೇ.

ಇಲ್ಲಿ ಸಾರ್ವಜನಿಕ ನೀತಿಯ ಪ್ರಶ್ನೆ ಬರುತ್ತದೆ. ಕೆಟ್ಟ ಕಾನೂನು ಇರುವಾಗ ಒಳ್ಳೆಯ ವಕೀಲರ ಕೈಯೂ ಕಟ್ಟಿಹೋಗುತ್ತದೆ. 1985ರಲ್ಲಿ ಜಾರಿಗೆ ಬಂದ ಟಾಡಾದಡಿ 70 ಸಾವಿರಕ್ಕೂ ಅಧಿಕ ಮಂದಿ ಬಂಧಿತರಾದರು. ಶಿಕ್ಷೆಯಾದವರ ಪ್ರಮಾಣ ಶೇ. 2ಕ್ಕಿಂತಲೂ ಕಡಿಮೆ. ಮಾನವ ಹಕ್ಕು ಸಂಘಟನೆಗಳು ವರ್ಷಗಟ್ಟಲೆ ಅಂಕಿಅಂಶ ಸಂಗ್ರಹಿಸಿದವು. 1995ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು ಅದನ್ನು ಮುಂದುವರಿಸಬಾರದೆಂದು ಸಂಸದರಿಗೆ ಪತ್ರ ಬರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಟಾಡಾ ನವೀಕರಣಗೊಳ್ಳದೆ ಕೊನೆಗೊಂಡಿತು. ಆದರೆ ಹಳೆಯ ಪ್ರಕರಣಗಳು ಉಳಿದವು. 2002ರಲ್ಲಿ ಪೋಟಾ ಬಂತು, 2004ರಲ್ಲಿ ರದ್ದಾಯಿತು. ನಾವು ಸಿಹಿ ಹಂಚಿದೆವು. ಆದರೆ ಅದರ ಹಲವು ಅಂಶಗಳು ಅದೇ ವರ್ಷ ಯುಎಪಿಎ ಕಾನೂನಿನೊಳಗೆ ಬಂದು ಕುಳಿತವು. 2008ರಲ್ಲಿ ಜಾಮೀನನ್ನು ಬಹುತೇಕ ಅಸಾಧ್ಯಗೊಳಿಸುವ ಕಲಮು ಸೇರಿತು, 2019ರಲ್ಲಿ ವ್ಯಕ್ತಿಗಳನ್ನೇ ಭಯೋತ್ಪಾದಕರೆಂದು ಘೋಷಿಸುವ ಅಧಿಕಾರ ಸೇರಿತು. ವಿಚಾರಣೆ ವಿಪರೀತ ವಿಳಂಬವಾದರೆ ಯುಎಪಿಎ ಅಡಿಯಲ್ಲಿಯೂ ಸಂವಿಧಾನ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು 2021ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಆದರೆ ಆ ತತ್ತ್ವ ಎಲ್ಲ ಪ್ರಕರಣಗಳಿಗೂ ಒಂದೇ ತೆರನಾಗಿ ಅನ್ವಯವಾಗಿಲ್ಲ.

ಹೊಸ ಅಪರಾಧ ಕಾನೂನುಗಳ ಮಸೂದೆಗಳು 2023ರ ಆಗಸ್ಟ್‌ನಲ್ಲಿ ಮಂಡನೆಯಾಗಿ ಸಂಸದೀಯ ಸ್ಥಾಯೀ ಸಮಿತಿಯ ಮುಂದೆ ಹೋದವು. ವಿರೋಧ ಪಕ್ಷಗಳ 140ಕ್ಕೂ ಅಧಿಕ ಸಂಸದರು ಅಮಾನತಿನಲ್ಲಿದ್ದ ಡಿಸೆಂಬರ್‌ನಲ್ಲಿ ಅವು ಅಂಗೀಕಾರಗೊಂಡವು. 2024ರ ಜುಲೈ 1ರಿಂದ ಜಾರಿಯಲ್ಲಿವೆ. ಹಿಂದೆ ಬಂಧನದ ಮೊದಲ 15 ದಿನಗಳಿಗೆ ಸೀಮಿತವಾಗಿದ್ದ ಪೊಲೀಸ್ ಕಸ್ಟಡಿಯನ್ನು ಈಗ ಪ್ರಕರಣಕ್ಕನುಗುಣವಾಗಿ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಪಡೆಯಬಹುದು. ಆ ಮಸೂದೆಗಳು ಸಮಿತಿಯ ಮುಂದಿದ್ದಾಗ ನಮ್ಮ ಎಷ್ಟು ಜಮಾಅತ್ ಕಮಿಟಿಗಳು ಈ ಬಗ್ಗೆ ಚರ್ಚಿಸಿದವು? ವಕ್ಫ್ ಮಸೂದೆಯ ಜಂಟಿ ಸಂಸದೀಯ ಸಮಿತಿಗೆ 2024ರಲ್ಲಿ ಲಕ್ಷಾಂತರ ಮನವಿಗಳು ಹೋದವು. ಅಂದರೆ ಬರೆಯಲು ನಮಗೆ ಬರುತ್ತದೆ. ಆದರೆ ಅಪರಾಧ ಪ್ರಕ್ರಿಯೆಯ ಕಾನೂನು ನಮ್ಮ ಆಸ್ತಿಯ ವಿಷಯವಲ್ಲವೆಂದು ಸುಮ್ಮನಿದ್ದೆವು. ಅದು ನಮ್ಮ ಮಕ್ಕಳ ವಿಷಯವಾಗಿತ್ತು.

ಹಾಗೆಂದು ಎಲ್ಲವೂ ಕತ್ತಲೆಯಲ್ಲ. ಬಂಧನದ ಕಾರಣವನ್ನು ಲಿಖಿತವಾಗಿ ನೀಡಬೇಕೆಂದು ಸುಪ್ರೀಮ್ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಅಕ್ರಮ ಹಣ ವರ್ಗಾವಣೆ ಪ್ರಕರಣಗಳಲ್ಲಿ, 2024ರ ಮೇ ತಿಂಗಳಲ್ಲಿ ಯುಎಪಿಎ ಪ್ರಕರಣಗಳಲ್ಲಿ ಹೇಳಿತು. 2025ರ ನವೆಂಬರ್‌ನಲ್ಲಿ ಅದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕಾರಣ ನೀಡಬೇಕೆಂದು ನಿರ್ದೇಶಿಸಿತು. ಮದೀನಾದಲ್ಲಿ ಆ ನೆರೆಯವನು ಕೇಳಿದ ಪ್ರಶ್ನೆಗೆ ಇಂದು ಠಾಣಾಧಿಕಾರಿ ಕನ್ನಡದಲ್ಲಿ ಬರೆದು ಉತ್ತರಿಸಬೇಕಾಗಿದೆ. ಕೇಳುವವರು ಬೇಕಷ್ಟೇ.

ಆದ್ದರಿಂದ ಪ್ರತಿ ಮನೆಯಲ್ಲಿ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಹೇಳುತ್ತೇವೆ. ಯಾವ ಪ್ರಕರಣ, ಯಾವ ಠಾಣೆ, ಅಧಿಕಾರಿ ಯಾರು ಎಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿ ಬರೆದಿಟ್ಟುಕೊಳ್ಳಿ, ಸಮಯವನ್ನೂ ಬರೆಯಿರಿ. ಅರೆಸ್ಟ್ ಮೆಮೊವನ್ನು ಓದದೆ ಸಹಿ ಹಾಕಬೇಡಿ, ಖಾಲಿ ಕಾಗದಕ್ಕಂತೂ ಎಂದಿಗೂ ಹಾಕಬೇಡಿ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅನಿವಾರ್ಯವಲ್ಲ, ಹಾಜರಾಗಲು ನೋಟಿಸು ನೀಡುವುದೇ ಸಾಮಾನ್ಯ ಕ್ರಮ. ನೋಟಿಸು ಬಂದರೆ ತಪ್ಪಿಸಿಕೊಳ್ಳದೆ ವಕೀಲರೊಂದಿಗೆ ಹಾಜರಾಗಬೇಕು, ಏಕೆಂದರೆ ಅಡಗಿದವನ ಬಂಧನಕ್ಕೆ ಕಾರಣವನ್ನು ಆತನೇ ಒದಗಿಸಿದಂತಾಗುತ್ತದೆ. ಸ್ತ್ರೀಯರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಿಶೇಷ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಮ್ಯಾಜಿಸ್ಟ್ರೇಟರು ಕೇಳಿದಾಗ ಹಲ್ಲೆಯಾಗಿದ್ದರೆ ಹೇಳಲು ಹೆದರಬಾರದು. 24 ಗಂಟೆ ಮೀರಿದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಲಿ. ವಶದಲ್ಲಿರುವ ವ್ಯಕ್ತಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗಬೇಕೆಂದು ಕಾನೂನೇ ಹೇಳುತ್ತದೆ.

ಮಸೀದಿ ಕಮಿಟಿಗಳಿಗೂ ಒಂದು ಮಾತು. ಮಿನಾರಕ್ಕೆ, ಅಮೃತಶಿಲೆಗೆ ನಾವು ಖರ್ಚು ಮಾಡುವ ಹಣದಲ್ಲಿ ಒಂದಂಶವನ್ನು ಮೀಸಲಿಟ್ಟರೆ ಪ್ರತಿ ತಾಲೂಕಿನಲ್ಲಿ ಇಬ್ಬರು ಯುವಕ ಯುವತಿಯರನ್ನು ಕಾನೂನು ಓದಿಸಬಹುದು. ಇಂಜಿನಿಯರ್ ಮತ್ತು ಡಾಕ್ಟರ್ ಆಗದವನು ಮಾತ್ರ ವಕೀಲನಾಗಲಿ ಎಂಬ ಮನೋಭಾವ ನಮ್ಮ ಮನೆಗಳಿಂದ ತೊಲಗಬೇಕು.

ಕೊನೆಯದಾಗಿ, ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕಾದ ವಿಷಯವೊಂದಿದೆ. ದಲಿತ ಯುವಕನೊಬ್ಬ ಠಾಣೆಯಲ್ಲಿ ಪೆಟ್ಟು ತಿಂದಾಗ, ಆದಿವಾಸಿ ಕಾರ್ಯಕರ್ತನೊಬ್ಬ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತಾಗ, ನಮ್ಮನ್ನು ದ್ವೇಷಿಸುವ ಸಂಘಟನೆಯ ಹುಡುಗನನ್ನು ಕಾರಣವಿಲ್ಲದೆ ಹಿಡಿದಾಗ ನಾವು ಕೇಳಿದ್ದೇವೆಯೇ? ನಮ್ಮ ಯುವಕರು ಬೀದಿಯಲ್ಲಿ ಜೋಡಿಯೊಂದನ್ನು ತಡೆದು ಹೆಸರು ವಿಚಾರಿಸಿ ಅವಮಾನಿಸಿದಾಗ, ಅದೂ ಒಬ್ಬ ಮನುಷ್ಯನ ಸ್ವಾತಂತ್ರ್ಯದ ಅಪಹರಣವೇ ಎಂದು ನಾವು ಅವರನ್ನು ಗದರಿಸಿದ್ದೇವೆಯೇ? ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯದಿಂದ ವಿಮುಖರಾಗುವಂತೆ ಮಾಡಬಾರದೆಂದು ಪವಿತ್ರ ಕುರ್‌ಆನ್ ನಮಗೆ ಕಲಿಸುತ್ತದೆ. ಪ್ರವಾದಿತ್ವ ಲಭಿಸುವ ಮುನ್ನವೇ ಪ್ರವಾದಿವರ್ಯರು(ಸ) ಮಕ್ಕಾದ ಗಣ್ಯರೊಂದಿಗೆ ಒಂದು ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಯಮನ್‌ನಿಂದ ಬಂದಿದ್ದ ವ್ಯಾಪಾರಿಯೊಬ್ಬನಿಗೆ ಮಕ್ಕಾದ ಪ್ರಭಾವಿಯೊಬ್ಬ ವಂಚಿಸಿದ್ದೇ ಅದಕ್ಕೆ ಪ್ರೇರಣೆ. ಹಿಲ್ಫುಲ್ ಫುದೂಲ್ ಎಂಬ ಆ ಒಪ್ಪಂದದಲ್ಲಿ ಮರ್ದಿತನ ಕುಲಗೋತ್ರ ಕೇಳಿರಲಿಲ್ಲ. ಅಂತಹ ಒಪ್ಪಂದಕ್ಕೆ ಈಗಲೂ ಕರೆದರೆ ತಾನು ಹೋಗುವೆನೆಂದು ಪ್ರವಾದಿ(ಸ) ಮುಂದೆ ಪ್ರವಾದಿತ್ವದ ಬಳಿಕವೂ ಹೇಳಿದ್ದರು.

ಸಹೋದರ ಸಹೋದರಿಯರೇ, ಇಂದು ರಾತ್ರಿ ನಮ್ಮ ಬೀದಿಯಲ್ಲಿ ಜೀಪು ನಿಂತರೆ ದೀಪ ಆರಿಸದಿರೋಣ. ಆ ಮನೆ ಯಾರದೇ ಆಗಿರಲಿ, ಬಾಗಿಲು ತೆರೆದು ಹೊರಗೆ ಬರೋಣ. ಕೂಗಾಡದೆ, ಅಡ್ಡಿಪಡಿಸದೆ, ಆ ಪುರಾತನ ಪ್ರಶ್ನೆಯನ್ನು ಕೇಳೋಣ. ಮೊದಲ ಬಾರಿ ಉತ್ತರ ಬರದಿದ್ದರೆ ಎರಡನೆಯ ಬಾರಿ ಕೇಳೋಣ. ಉತ್ತರವನ್ನು ಬರೆದು ಕೊಡಿರೆಂದು ಹೇಳೋಣ.

ನ್ಯಾಯದ ಪರ ನಿಲ್ಲುವ ಧೈರ್ಯವನ್ನೂ, ಅದರಲ್ಲಿ ಸಹನೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.